ಊರಲ್ಲಿಲ್ಲದವರ ಉತ್ತರ



ಕಳೆದ ತಿಂಗಳು ಹಳೆಯ ವಿದ್ಯಾರ್ಥಿಯೊಬ್ಬನಿಗೆ ಮಿಂಚಂಚೆ ಬರೆದೆ. ಕಳುಹಿಸಿ ಕನ್ನಡಕ ತೆಗೆದಿಡುವಷ್ಟರಲ್ಲಿ ಉತ್ತರ ಬಂದಿತು. ತರಗತಿಯಲ್ಲಿ ಮೂರು ಬಾರಿ ಕೇಳಿದರೂ ಬಾಯಿ ಬಿಡದಿದ್ದ ಹುಡುಗ ಇಷ್ಟು ಚುರುಕಾದನೇ ಎಂದು ಬೆರಗಾದೆ. ತೆರೆದು ನೋಡಿದರೆ, ತಾನು ರಜೆಯಲ್ಲಿರುವುದಾಗಿಯೂ ಸೋಮವಾರ ಮರಳುವುದಾಗಿಯೂ ತಿಳಿಸಿದ್ದ. ಹೊರಡುವ ಮುನ್ನ ಅವನು ಬರೆದಿಟ್ಟಿದ್ದನ್ನು ಯಂತ್ರವು ನನಗೆ ರವಾನಿಸಿತ್ತು.

ಚರಿತ್ರೆ ಕಲಿಸಿದವನಿಗೆ ಇದರ ಮೂಲವನ್ನು ಹುಡುಕದೆ ಸಮಾಧಾನವಿಲ್ಲ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯವು ೧೯೮೬ರಲ್ಲಿ ಹೊರತಂದ ಯುನಿಕ್ಸ್ ಆವೃತ್ತಿಯಲ್ಲಿ ‘ವೆಕೇಶನ್’ ಎಂಬ ಪುಟ್ಟ ಪ್ರೋಗ್ರಾಮ್ ಇದ್ದಿತು. ಬರೆದವರು ಎರಿಕ್ ಆಲ್ಮನ್. ‘ನಾನಿಲ್ಲ’ ಎಂದು ಹೇಳಿಸುವುದು ಸುಲಭವೇ, ಸುಮ್ಮನಿರಿಸುವುದೇ ಕಷ್ಟ. ಇಬ್ಬರೂ ರಜೆಯಲ್ಲಿದ್ದಾರೆನ್ನಿ. ಒಬ್ಬರ ಯಂತ್ರ ‘ಇಲ್ಲ’ ಎಂದರೆ ಇನ್ನೊಬ್ಬರ ಯಂತ್ರ ಅದಕ್ಕೂ ‘ಇಲ್ಲ’ ಎನ್ನುತ್ತದೆ. ಮನೆಯೊಡೆಯರು ಮರಳುವವರೆಗೂ ಈ ಸಂವಾದಕ್ಕೆ ಕೊನೆಯಿಲ್ಲ. ಆದುದರಿಂದ ಆ ಪ್ರೋಗ್ರಾಮು ಬರೆದವರ ಹೆಸರನ್ನು ಗುರುತಿಟ್ಟುಕೊಂಡು, ಒಬ್ಬರಿಗೆ ವಾರಕ್ಕೊಮ್ಮೆ ಮಾತ್ರ ಉತ್ತರಿಸುತ್ತಿತ್ತು. ನಮ್ಮಲ್ಲಿ ಕೆಲವು ಮನುಷ್ಯರಿಗೂ ಈ ವಿವೇಕವಿಲ್ಲ!

ಆದರೆ ಯಂತ್ರವು ಎಷ್ಟು ಜಾಣವಾದರೂ ಒಕ್ಕಣೆ ನಮ್ಮದೇ. ೨೦೦೮ರಲ್ಲಿ ಬ್ರಿಟನ್ನಿನ ವೇಲ್ಸ್ ಪ್ರಾಂತದ ಸ್ವಾನ್ಸೀ ನಗರದಲ್ಲಿ ನಡೆದುದನ್ನು ಕೇಳಿ. ಅಲ್ಲಿ ರಸ್ತೆಫಲಕಗಳು ಇಂಗ್ಲಿಷ್ ಹಾಗೂ ವೆಲ್ಷ್ ಭಾಷೆಗಳೆರಡರಲ್ಲೂ ಇರುತ್ತವೆ. ಭಾರೀ ವಾಹನಗಳಿಗೆ ಪ್ರವೇಶವಿಲ್ಲವೆಂಬ ಇಂಗ್ಲಿಷ್ ವಾಕ್ಯವನ್ನು ನಗರಾಡಳಿತದವರು ಅನುವಾದಕರಿಗೆ ಕಳುಹಿಸಿದರು. ವೆಲ್ಷ್ ಭಾಷೆಯಲ್ಲಿ ಉತ್ತರ ಬಂದಿತು. ಅದನ್ನೇ ಫಲಕದ ಮೇಲೆ ಬರೆಯಿಸಿ ನೆಟ್ಟರು. ವೆಲ್ಷ್ ಬಲ್ಲವರು ಓದಿದಾಗ ಅಲ್ಲಿದ್ದುದು, ‘ನಾನೀಗ ಕಚೇರಿಯಲ್ಲಿಲ್ಲ, ಅನುವಾದದ ಕೆಲಸವಿದ್ದರೆ ಕಳುಹಿಸಿ’ ಎಂಬ ಅರ್ಥದ ಮಾತು! ಲೋಕವೆಲ್ಲ ನಕ್ಕಿತು, ನಾನೂ ನಕ್ಕೆ. ಆದರೆ ಅನುವಾದ ಬೇಡಿ ಬರೆಯುವವರಿಗೆ ವೆಲ್ಷ್ ಬಾರದೆಂಬುದು ಆ ಅನುವಾದಕರಿಗೆ ಹೊಳೆಯಬೇಕಿತ್ತಲ್ಲವೇ? ಇಂಗ್ಲಿಷಿನಲ್ಲಿಯೂ ಒಂದು ಸಾಲಿದ್ದಿದ್ದರೆ ಆ ಫಲಕವೇ ಹುಟ್ಟುತ್ತಿರಲಿಲ್ಲ. ಕನ್ನಡದಲ್ಲಿ ಪತ್ರ ಬರೆದವರಿಗೆ ಇಂಗ್ಲಿಷಿನಲ್ಲಷ್ಟೇ ‘ಇಲ್ಲ’ ಎನ್ನಿಸುವ ನಮ್ಮ ಕಚೇರಿಗಳವರೂ ಇದನ್ನು ಯೋಚಿಸಬೇಕು.

ಇಷ್ಟೆಲ್ಲ ಹೇಳುವ ನಾನು ೧೯೮೭ರ ಬೇಸಿಗೆ ರಜೆಯಲ್ಲಿ ಮನೆಗೆ ಬೀಗ ಹಾಕಿ, ಯಾರಿಗೂ ಒಂದು ಮಾತು ಹೇಳದೆ ಊರಿಗೆ ಹೋಗಿದ್ದೆ. ಮೇ ಕೊನೆಯಲ್ಲಿ ಮರಳಿದಾಗ ಬಾಗಿಲ ಸಂದಿಯಿಂದ ಒಳಬಿದ್ದ ಕಾರ್ಡೊಂದು ಧೂಳು ಹಿಡಿದಿತ್ತು. ವಿದ್ಯಾರ್ಥಿಯೊಬ್ಬ ಬರೆದಿದ್ದ: ‘ಸಾರ್, ಅರ್ಜಿಗೆ ತಮ್ಮ ಸಹಿ ಬೇಕು, ತಾವು ಎಂದು ಬರುವಿರಿ?’ ಕೊನೆಯ ದಿನಾಂಕ ಕಳೆದು ಒಂಬತ್ತು ದಿನವಾಗಿತ್ತು. ಆ ಸಹಿಯನ್ನು ಪಕ್ಕದ ಬೀದಿಯಲ್ಲಿದ್ದ ನಮ್ಮ ಮುಖ್ಯೋಪಾಧ್ಯಾಯರೂ ಹಾಕಿಕೊಡಬಹುದಿತ್ತು. ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ದರೆ ಸಾಕಾಗುತ್ತಿತ್ತು. ಹುಡುಗನಿಗೆ ಒಂದು ವರ್ಷ ನಷ್ಟವಾಯಿತು. ಅವನು ಎಂದೂ ನನ್ನನ್ನು ದೂರಲಿಲ್ಲ.

ಈಗ ಮಗಳ ಮನೆಗೆ ಹೊರಡುವ ಮುನ್ನ ನಾನೂ ಮಿಂಚಂಚೆಯಲ್ಲಿ ಸಂದೇಶ ಬರೆದಿಡುತ್ತೇನೆ. ಮರಳುವ ದಿನ, ಅಲ್ಲಿಯವರೆಗೆ ಯಾರನ್ನು ಕೇಳಬೇಕು, ಇವೆರಡೇ ಸಾಲು. ಮೇಲೆ ಕನ್ನಡ, ಕೆಳಗೆ ಇಂಗ್ಲಿಷ್. ಮೊದಲ ಬಾರಿ ಬರೆದಾಗ ನಾಲ್ಕು ಸಲ ತಿದ್ದಿದ್ದೆ.