ಎಕ್ಸ್‌ಪೋಷರ್

ಎಕ್ಸ್‌ಪೋಷರ್: ಛಾಯಾಗ್ರಹಣದಲ್ಲಿ, ಫಿಲಂ ಅಥವಾ ಡಿಜಿಟಲ್ ಸೆನ್ಸರ್ ಮೇಲೆ ಬಿದ್ದ ಬೆಳಕಿನ ಒಟ್ಟು ಪ್ರಮಾಣ. ಬೆಳಕು ಎಷ್ಟು ಪ್ರಖರವಾಗಿತ್ತು, ಎಷ್ಟು ಹೊತ್ತು ಬಿತ್ತು ಎಂಬ ಎರಡನ್ನು ಗುಣಿಸಿದರೆ ಅದು ಸಿಗುತ್ತದೆ. ವಿಕಿರಣ ವಿಜ್ಞಾನ, ಬ್ಯಾಂಕಿಂಗ್ ಮತ್ತು ದಿನದ ಮಾತಿನಲ್ಲೂ ಈ ಪದ ಬೇರೆ ಬೇರೆ ಅರ್ಥದಲ್ಲಿ ಬಳಕೆಯಲ್ಲಿದೆ.

ಮೊದಮೊದಲು ಬೆಳಕಿಗಿಂತ ತಾಳ್ಮೆಯೇ ಹೆಚ್ಚು ಬೇಕಿತ್ತು. ಫ್ರಾನ್ಸಿನ ನಿಸೆಫೋರ್ ನಿಯೆಪ್ಸ್ 1826–27ರ ಸುಮಾರಿಗೆ ತನ್ನ ಮನೆಯ ಕಿಟಕಿಯಾಚೆಯ ನೋಟವನ್ನು ಬಿಟುಮೆನ್ ಬಳಿದ ತಗಡಿನ ಮೇಲೆ ಮೂಡಿಸಿದ. ಅದಕ್ಕೆ ಎಂಟು ಗಂಟೆ ಹಿಡಿಯಿತೆಂದು ಬಹುಕಾಲ ನಂಬಲಾಗಿತ್ತು. ಕೆಲವು ದಿನಗಳೇ ಬೇಕಾಗಿರಬೇಕು ಎಂಬುದು ಈಚಿನ ಸಂಶೋಧಕರ ವಾದ. 1838ರಲ್ಲಿ ಲೂಯಿ ಡಗೇರ್ ಪ್ಯಾರಿಸ್ಸಿನ ಗಿಜಿಗುಡುವ ಬೀದಿಯೊಂದನ್ನು ಸೆರೆಹಿಡಿದಾಗಲೂ ಕೆಲವು ನಿಮಿಷಗಳು ಬೇಕಾದವು. ಓಡಾಡುತ್ತಿದ್ದ ಜನ, ಗಾಡಿಗಳು ಯಾವುವೂ ಚಿತ್ರದಲ್ಲಿ ಉಳಿಯಲಿಲ್ಲ. ಬೂಟು ಪಾಲಿಶ್ ಮಾಡಿಸಿಕೊಳ್ಳುತ್ತ ಒಂದೇ ಕಡೆ ನಿಂತಿದ್ದವನೊಬ್ಬ ಮಾತ್ರ ಸ್ಪಷ್ಟವಾಗಿ ಮೂಡಿದ. ಛಾಯಾಚಿತ್ರದಲ್ಲಿ ಕಾಣಿಸಿಕೊಂಡ ಮೊದಲ ಮನುಷ್ಯರಲ್ಲಿ ಒಬ್ಬನೆಂದು ಹೆಸರಾದ ಅವನು ಯಾರೆಂಬುದು ಗೊತ್ತಿಲ್ಲ.

ಇಂದಿನ ಕ್ಯಾಮೆರಾದಲ್ಲಿ ಎಕ್ಸ್‌ಪೋಷರ್ ಹೊಂದಿಸುವವರು ನೋಡುವುದು ಮೂರನ್ನು: ಲೆನ್ಸಿನ ಅಪರ್ಚರ್ (ಬೆಳಕು ಒಳಬರುವ ಕಿಂಡಿ), ಶಟರ್ ವೇಗ, ಐಎಸ್ಒ (ಫಿಲಂ ಅಥವಾ ಸೆನ್ಸರ್ ಬೆಳಕಿಗೆ ಸ್ಪಂದಿಸುವ ಮಟ್ಟ). ಒಂದು ‘ಸ್ಟಾಪ್’ ಏರಿಸಿದರೆ ದುಪ್ಪಟ್ಟು, ಇಳಿಸಿದರೆ ಅರ್ಧ. ಬೆಳಕು ಅಳೆಯುವ ಮೀಟರ್ ಇಲ್ಲದ ಕಾಲದ ಛಾಯಾಗ್ರಾಹಕರಿಗೆ ಒಂದು ಲೆಕ್ಕ ಬಾಯಿಪಾಠವಾಗಿತ್ತು: ನಿಚ್ಚಳ ಬಿಸಿಲಿನಲ್ಲಿ ಅಪರ್ಚರ್ 16, ಫಿಲಂ 100 ಐಎಸ್ಒ ಆದರೆ ಶಟರ್ ಸೆಕೆಂಡಿನ 125ನೇ ಒಂದು ಭಾಗ. ಮೀಟರ್ ಬಂದ ಮೇಲೂ ತೊಡಕು ತೀರಲಿಲ್ಲ. ಎದುರಿಗಿರುವುದೆಲ್ಲ ನಡುಬೂದು ಬಣ್ಣದ್ದೆಂದೇ ಅದರ ಎಣಿಕೆ. ಹಾಗಾಗಿ ಬಿಳಿ ಪಂಚೆ ಮಾಸಿದಂತೆಯೂ ಕರಿ ಎಮ್ಮೆ ಬೂದಿ ಬಳಿದಂತೆಯೂ ಬರುತ್ತವೆ. ಅಂಥಲ್ಲಿ ಯಂತ್ರಕ್ಕಿಂತ ಕಣ್ಣನ್ನು ನಂಬುವುದೇ ಲೇಸು.

ಹಾಗೆ ಕಣ್ಣನ್ನು ನಂಬಿದವರಲ್ಲಿ ಮೈಸೂರಿನಲ್ಲಿ ಹುಟ್ಟಿದ ಸಿನಿಮಾ ಛಾಯಾಗ್ರಾಹಕ ವಿ.ಕೆ. ಮೂರ್ತಿ ಒಬ್ಬರು. ಗುರುದತ್ತರ ‘ಕಾಗಜ್ ಕೆ ಫೂಲ್’ (1959) ಚಿತ್ರದಲ್ಲಿ ಕತ್ತಲ ಸ್ಟುಡಿಯೋದೊಳಕ್ಕೆ ಓರೆಯಾಗಿ ಇಳಿಯುವ ಬೆಳಕಿನ ಕೋಲು ಸ್ಟುಡಿಯೋ ದೀಪದ್ದಲ್ಲ, ಹೊರಗಿನ ಬಿಸಿಲನ್ನು ಕನ್ನಡಿಗಳಿಂದ ತಿರುಗಿಸಿ ಒಳಗೆ ತಂದದ್ದು. ಮುಖಗಳು ಅರೆಗತ್ತಲಲ್ಲಿ ಉಳಿದರೂ ದೃಶ್ಯ ಕೆಡಲಿಲ್ಲ. ಮೂರ್ತಿ 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದು, ಆ ಗೌರವ ಸಂದ ಮೊದಲ ಛಾಯಾಗ್ರಾಹಕರಾದರು.

ವಿಕಿರಣಕ್ಕೆ ಒಡ್ಡಿಕೊಳ್ಳುವುದಕ್ಕೂ ಎಕ್ಸ್‌ಪೋಷರ್ ಎಂದೇ ಹೆಸರು. ಈ ಎರಡು ಲೋಕಗಳು ಸಂಧಿಸಿದ್ದು ಪ್ಯಾರಿಸ್ಸಿನ ಒಂದು ಮೇಜಿನ ಡ್ರಾಯರಿನಲ್ಲಿ. 1896ರಲ್ಲಿ ಹೆನ್ರಿ ಬೆಕೆರೆಲ್ ಕಪ್ಪು ಕಾಗದದಲ್ಲಿ ಸುತ್ತಿದ ಫೋಟೋ ಪ್ಲೇಟನ್ನು ಯುರೇನಿಯಂ ಲವಣದ ಜೊತೆ, ಬಿಸಿಲು ಬಾರದ ಕಾರಣ, ಅಲ್ಲಿ ಎತ್ತಿಟ್ಟಿದ್ದ. ತೊಳೆದು ನೋಡಿದರೆ ಬೆಳಕೇ ಸೋಕದ ಪ್ಲೇಟಿನ ಮೇಲೆ ಗಾಢ ಅಚ್ಚು! ವಿಕಿರಣಶೀಲತೆ ಪತ್ತೆಯಾದದ್ದು ಹೀಗೆ. ಎಕ್ಸ್‌ರೇ ಕೋಣೆಯ ಸಿಬ್ಬಂದಿ ಇಂದು ಎದೆಗೆ ವಿಕಿರಣ ಅಳೆಯುವ ಬ್ಯಾಡ್ಜ್ ಸಿಕ್ಕಿಸಿಕೊಂಡು, ಬಟನ್ ಒತ್ತುವಾಗ ಸೀಸದ ಮರೆಗೆ ಸರಿಯುತ್ತಾರೆ. ಸಣ್ಣ ಮೂಲವೊಂದರಿಂದ ದುಪ್ಪಟ್ಟು ದೂರ ನಿಂತರೆ ಎಕ್ಸ್‌ಪೋಷರ್ ಕಾಲು ಭಾಗಕ್ಕೆ ಇಳಿಯುತ್ತದೆ. ಭಾರತದಲ್ಲಿ ಇಂಥ ಕೆಲಸಗಾರರಿಗೆ ಇರುವ ಮಿತಿ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಸಾರ್ವಜನಿಕರಿಗೆ 1. ರೋಗಿಯ ತಪಾಸಣೆಗೆ ಬಳಸುವ ವಿಕಿರಣ ಈ ಮಿತಿಗೆ ಸೇರುವುದಿಲ್ಲ.

ಮಾತಿನಲ್ಲಿ ಈ ಪದ ಸಡಿಲವಾಗುತ್ತದೆ. ‘ಹುಡುಗನಿಗೆ ಎಕ್ಸ್‌ಪೋಷರ್ ಸಾಲದು’ ಎಂದರೆ ನಾಲ್ಕು ಊರು ಕಂಡಿಲ್ಲವೆಂದು. ಸಿನಿಮಾ ಪತ್ರಿಕೆಗಳು ನಟಿಯರ ಉಡುಪಿನ ಬಗ್ಗೆ ಬಳಸುವ ‘ಎಕ್ಸ್‌ಪೋಸ್’ ಇದರ ತೀರ ಬಡಕಲು ರೂಪ.

ಬ್ಯಾಂಕಿನಲ್ಲಿ ಮಾತ್ರ ಮತ್ತೆ ಲೆಕ್ಕ ಬಿಗಿ. ಅಲ್ಲಿ ಎಕ್ಸ್‌ಪೋಷರ್ ಎಂದರೆ ಕೊಟ್ಟ ಸಾಲವಷ್ಟೇ ಅಲ್ಲ, ಬರೆದುಕೊಟ್ಟ ಗ್ಯಾರಂಟಿಯೂ ಸೇರಿದ ಒಟ್ಟು ಬಾಬ್ತು. ರಿಸರ್ವ್ ಬ್ಯಾಂಕಿನ ನಿಯಮದಂತೆ ಒಂದು ಕಂಪನಿಯ ಮೇಲಿನ ಈ ಮೊತ್ತ ಸಾಮಾನ್ಯವಾಗಿ ಬ್ಯಾಂಕಿನ ಟಯರ್-1 (ಮೂಲ) ಬಂಡವಾಳದ ಶೇ 20ನ್ನು ದಾಟುವಂತಿಲ್ಲ.