ಕ್ರೇನು ಹಾಗೂ ವಿಂಚುಗಳ ಮೂಲಕ ಭಾರ ಎತ್ತುವಾಗ ಅನುಸರಿಸಬೇಕಾದ ಸುರಕ್ಷತಾ ಕ್ರಮಗಳು

ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು ಹಾಗೂ ಮಸ್ಕಿ ತಾಲ್ಲೂಕುಗಳಲ್ಲಿ ಭಾರ ಎತ್ತುವ ಯಂತ್ರಗಳನ್ನು ಬಳಸುವ ಅಕ್ಕಿ ಗಿರಣಿ ಮಾಲೀಕರು, ಕಾಮಗಾರಿ ಗುತ್ತಿಗೆದಾರರು ಮತ್ತು ಪರೀಕ್ಷಾ ಪ್ರಮಾಣಪತ್ರ ಕೋರುವ ಅರ್ಜಿದಾರರ ಮಾಹಿತಿಗಾಗಿ ಈ ಕೆಳಗಿನ ವಿವರಗಳನ್ನು ನೀಡಲಾಗಿದೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಕ್ರೆಸ್ಟ್ ಗೇಟುಗಳ ಪೈಕಿ 19ನೇ ಗೇಟು, ಸರಪಳಿಯ ಕೊಂಡಿ ತುಂಡಾಗಿ ಕೊಚ್ಚಿಹೋಯಿತು. ಎಡದಂಡೆ ಕಾಲುವೆಯನ್ನು ನಂಬಿದ ರೈತರ ಬೆಳೆ ಅಪಾಯಕ್ಕೆ ಸಿಲುಕಿತು. ವಾರದೊಳಗೆ, ಹರಿಯುವ ನೀರಿನಲ್ಲಿಯೇ, ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಕ್ರೇನುಗಳ ನೆರವಿನಿಂದ ಸ್ಟಾಪ್‌ಲಾಗ್ ಅಳವಡಿಸಲಾಯಿತು. ಅವಘಡಕ್ಕೆ ಕಾರಣವಾದದ್ದೂ ಸರಪಳಿ, ಪರಿಹಾರ ಒದಗಿಸಿದ್ದೂ ಸರಪಳಿ ಮತ್ತು ಹಗ್ಗವೇ ಎಂಬುದನ್ನು ಗಮನಿಸತಕ್ಕದ್ದು.

ಕಾನೂನಿನ ಅವಶ್ಯಕತೆ

1948ರ ಕಾರ್ಖಾನೆಗಳ ಕಾಯ್ದೆಯ 29ನೇ ಪ್ರಕರಣವು ಎತ್ತುವ ಯಂತ್ರ, ಸರಪಳಿ, ಹಗ್ಗ ಹಾಗೂ ಸಲಕರಣೆಗಳನ್ನು ಕನಿಷ್ಠ 12 ತಿಂಗಳಿಗೊಮ್ಮೆ ಸಕ್ಷಮ ವ್ಯಕ್ತಿಯಿಂದ ಕೂಲಂಕಷವಾಗಿ ಪರೀಕ್ಷಿಸಿ, ವಹಿಯಲ್ಲಿ ದಾಖಲಿಸುವಂತೆ ವಿಧಿಸಿತ್ತು. ಸುರಕ್ಷಿತ ಕಾರ್ಯಭಾರವನ್ನು ಯಂತ್ರದ ಮೇಲೆ ಸ್ಪಷ್ಟವಾಗಿ ನಮೂದಿಸಬೇಕೆಂದೂ, ಅದನ್ನು ಮೀರಬಾರದೆಂದೂ ಅದರಲ್ಲಿತ್ತು. 2025ರ ನವೆಂಬರ್ 21ರಿಂದ ಈ ಕಾಯ್ದೆಯ ಸ್ಥಾನದಲ್ಲಿ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕಾರ್ಯಸ್ಥಿತಿ ಸಂಹಿತೆ ಜಾರಿಗೆ ಬಂದಿದೆ. ಆದುದರಿಂದ ಅರ್ಜಿದಾರರು ಹಳೆಯ ನಮೂನೆಯನ್ನೇ ಮುಂದುವರಿಸದೆ, ಅರ್ಜಿ ಸಲ್ಲಿಸುವ ದಿನದಂದು ಚಾಲ್ತಿಯಲ್ಲಿರುವ ನಮೂನೆಯನ್ನು ಖಚಿತಪಡಿಸಿಕೊಳ್ಳುವುದು. ಹಟ್ಟಿ ಚಿನ್ನದ ಗಣಿಯಂತಹ ಗಣಿಗಳ ಯಂತ್ರಗಳು ಕೇಂದ್ರದ ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ ವ್ಯಾಪ್ತಿಗೆ ಒಳಪಡುತ್ತವೆ.

ಎತ್ತುವ ಮುನ್ನ

ಭಾರದ ನಿಜವಾದ ತೂಕವನ್ನು ತಿಳಿಯದೆ ಎತ್ತಕೂಡದು. ಎರಡು ಕಾಲಿನ ಸ್ಲಿಂಗ್‌ನಲ್ಲಿ 1,000 ಕಿಲೋ ತೂಕ ತೂಗಿದಾಗ, ಕಾಲುಗಳು ನೇರವಾಗಿದ್ದರೆ ತಲಾ 500 ಕಿಲೋ ಬೀಳುತ್ತದೆ. ನೆಲಮಟ್ಟದಿಂದ 60 ಡಿಗ್ರಿ ಕೋನದಲ್ಲಿ ಸುಮಾರು 577, 45 ಡಿಗ್ರಿಯಲ್ಲಿ ಸುಮಾರು 707, 30 ಡಿಗ್ರಿಯಲ್ಲಿ ಪೂರ್ತಿ 1,000 ಕಿಲೋ ಪ್ರತಿ ಕಾಲಿನ ಮೇಲೂ ಬೀಳುತ್ತದೆ. ಗಿಡ್ಡ ಸ್ಲಿಂಗ್‌ನಿಂದ ಉಳಿಯುವ ಹಣ ಬಹಳ ಅಲ್ಪ. ತಗಲುವ ವೆಚ್ಚ ಲೆಕ್ಕಕ್ಕೆ ಸಿಗದು.

ವಳಕಮದಿನ್ನಿ ಭಾಗದ ಎರೆಭೂಮಿಯಲ್ಲಿ ಚಲಿಸುವ ಕ್ರೇನು ನಿಲ್ಲಿಸುವವರು ವಿಶೇಷವಾಗಿ ಎಚ್ಚರ ವಹಿಸಬೇಕು. ಬೇಸಿಗೆಯಲ್ಲಿ ಕಲ್ಲಿನಂತೆ ತೋರುವ ಈ ಮಣ್ಣು ಮಳೆಗೆ ಅಥವಾ ಕಾಲುವೆ ನೀರಿನ ಬಸಿಯುವಿಕೆಗೆ ಮೆತ್ತಗಾಗಿ, ಔಟ್‌ರಿಗರ್ ಕಾಲು ಒಂದೇ ಕಡೆ ಕುಸಿಯುತ್ತದೆ. ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿ ಇರಬಹುದು. ಕಾಲುಗಳ ಅಡಿಯಲ್ಲಿ ಅಗಲವಾದ ದಪ್ಪ ಮರದ ದಿಮ್ಮಿಗಳನ್ನು ಹಾಸಿ, ಭಾರವನ್ನು ಮೊದಲು ನೆಲದಿಂದ ಸ್ವಲ್ಪವೇ ಎತ್ತಿ, ಯಂತ್ರ ವಾಲುವುದೇ ಎಂದು ನೋಡತಕ್ಕದ್ದು. ಗದ್ದೆ ಬದಿಯ ವಿದ್ಯುತ್ ತಂತಿಗಳ ಸಮೀಪ ಕೆಲಸವಿದ್ದಲ್ಲಿ ಜೆಸ್ಕಾಂ ಕಚೇರಿಗೆ ಮುಂಚಿತವಾಗಿ ಮನವಿ ಸಲ್ಲಿಸಿ, ಸರಬರಾಜು ಸ್ಥಗಿತಗೊಂಡುದನ್ನು ದೃಢಪಡಿಸಿಕೊಳ್ಳುವುದು.

ವಿಂಚು ಬಳಸುವಾಗ

ವಾಹನ ಎಳೆಯಲು ತಯಾರಿಸಿದ ವಿಂಚಿನಿಂದ ಭಾರವನ್ನು ಮೇಲೆತ್ತಬಾರದು. ಅದರ ಬ್ರೇಕು ತೂಗುವ ಭಾರವನ್ನು ಹಿಡಿದಿಡಲು ರೂಪಿಸಿದುದಲ್ಲ. ಡ್ರಮ್ಮಿನ ಮೇಲೆ ಹಗ್ಗದ ಪದರಗಳು ಹೆಚ್ಚಿದಂತೆ ಎಳೆಯುವ ಶಕ್ತಿ ಕುಗ್ಗುತ್ತದೆ. ಕೊಕ್ಕೆ ಪೂರ್ಣ ಕೆಳಗಿಳಿದಾಗಲೂ ಡ್ರಮ್ಮಿನಲ್ಲಿ ಕನಿಷ್ಠ ಎರಡು ಸುತ್ತು ಹಗ್ಗ ಉಳಿದಿರಬೇಕು. ತಂತಿ ಹಗ್ಗಕ್ಕೆ ಕ್ಲಿಪ್ ಹಾಕುವಾಗ ಭಾರ ಹೊರುವ ಎಳೆಯ ಕಡೆ ತಡಿ ಭಾಗವೂ, ತುದಿಯ ಎಳೆಯ ಕಡೆ ಯು-ಬೋಲ್ಟೂ ಬರಬೇಕು. ಇದು ತಿರುವುಮುರುವಾಗಿರುವುದು ಕಾಮಗಾರಿ ಸ್ಥಳಗಳಲ್ಲಿ ಸಾಮಾನ್ಯ ದೋಷ. ತಂತಿಗಳು ತುಂಡಾಗಿ ಮುಳ್ಳಿನಂತೆ ಎದ್ದ, ತುಕ್ಕು ತಿಂದ ಅಥವಾ ಗಂಟು ಬಿದ್ದ ಹಗ್ಗವನ್ನು ಬಳಕೆಯಿಂದ ತೆಗೆದುಹಾಕಬೇಕು. ಹಗ್ಗ ಸವೆಯಲು ಪ್ರಮಾಣಪತ್ರದ ಅವಧಿ ಮುಗಿಯಬೇಕೆಂದೇನೂ ಇಲ್ಲ. ದಿನದ ಕೆಲಸಕ್ಕೆ ಮುನ್ನ ಚಾಲಕ ತಾನೇ ನೋಡಬೇಕು.

ಸಂಕೇತ ನೀಡುವವರು ಒಬ್ಬರೇ ಇರತಕ್ಕದ್ದು. ಆದರೆ ‘ನಿಲ್ಲಿಸು’ ಎಂಬ ಸಂಕೇತವನ್ನು ಯಾರು ಕೊಟ್ಟರೂ ಚಾಲಕ ಪಾಲಿಸಬೇಕು, ಕೊಟ್ಟವರು ದಿನಗೂಲಿ ಹಮಾಲರಾದರೂ ಸರಿ. ತೂಗುತ್ತಿರುವ ಭಾರದ ಕೆಳಗೆ ಯಾರೂ ನಿಲ್ಲಕೂಡದು, ಭಾರದ ಮೇಲೆ ಯಾರೂ ಹತ್ತಕೂಡದು.

ಬಾಡಿಗೆಗೆ ಕ್ರೇನು ಪಡೆಯುವವರು ಪರೀಕ್ಷಾ ವರದಿ, ಭಾರ ಪಟ್ಟಿ ಹಾಗೂ ಚಾಲಕನ ಪರವಾನಗಿಯ ಪ್ರತಿಗಳನ್ನು ಯಂತ್ರ ಸ್ಥಳಕ್ಕೆ ಬರುವ ಮುನ್ನವೇ ಪಡೆದು, ಕಾಮಗಾರಿ ಕಡತದಲ್ಲಿ ಇರಿಸಿಕೊಳ್ಳುವುದು.