ಬೆಲ್ಚಿ ಆಡಿದ ಜಾಗಗಳು

ನಾಟಕವನ್ನು ದೃಶ್ಯಕಾವ್ಯವೆಂದು ಕರೆದ ಪರಂಪರೆ ನಮ್ಮದು. ಆದರೂ ನಮ್ಮ ಎಂ.ಎ. ತರಗತಿಗಳಲ್ಲಿ ಅದನ್ನು ಓದಿದ್ದೇ ಹೆಚ್ಚು. ಅದರಿಂದಲೋ ಏನೋ, ಬೀದಿನಾಟಕವೆಂದರೆ ವಿದ್ವಾಂಸರು ಮೂಗು ಮುರಿಯುವುದುಂಟು. ಅಚ್ಚಾದ ಪ್ರತಿಯನ್ನು ಕೈಯಲ್ಲಿ ಹಿಡಿದು ‘ಇದರಲ್ಲಿ ಪಾತ್ರಪೋಷಣೆ ಎಲ್ಲಿದೆ?’ ಎಂದು ಕೇಳುತ್ತಾರೆ. ಪ್ರಶ್ನೆಯೇನೋ ಸರಿಯೆ. ಆದರೆ ಈ ಪ್ರಕಾರದ ಚರಿತ್ರೆಯನ್ನು ಪಠ್ಯದಿಂದ ಬರೆಯಲಾಗದು. ಅದನ್ನು ಆಡಿದ ಜಾಗಗಳಿಂದ ಬರೆಯಬೇಕು.

ಬಯಲಿನಲ್ಲಿ ಆಡುವುದು ಕನ್ನಡಕ್ಕೆ ಹೊಸತಲ್ಲ. ದೊಡ್ಡಾಟ, ಸಣ್ಣಾಟ, ಹಗಲುವೇಷಗಳು ಇದ್ದೇ ಇದ್ದವು. 1943ರಲ್ಲಿ ಮುಂಬಯಿಯಲ್ಲಿ ಸ್ಥಾಪನೆಯಾದ ಇಪ್ಟಾ ಬಂಗಾಳದ ಕ್ಷಾಮವನ್ನು ರಂಗಕ್ಕೆ ತಂದಿತು. ಮುಂದೆ ಕಲ್ಕತ್ತೆಯ ಬಾದಲ್ ಸರ್ಕಾರರು ಚೌಕಟ್ಟಿನ ರಂಗಮಂಚವನ್ನೇ ತೊರೆದು ಜನರ ನಡುವೆ ಇಳಿದರು. ನಮ್ಮಲ್ಲಿ 1975ರಲ್ಲಿ ‘ಸಮುದಾಯ’ ಹುಟ್ಟಿತು.

1977ರ ಮೇ ತಿಂಗಳಲ್ಲಿ ಬಿಹಾರದ ಬೆಲ್ಚಿ ಎಂಬ ಹಳ್ಳಿಯಲ್ಲಿ ಬಲಿಷ್ಠ ಭೂಮಾಲೀಕರ ಗುಂಪೊಂದು 11 ಜನರನ್ನು ಗುಂಡಿಕ್ಕಿ ಬೆಂಕಿಗೆ ಹಾಕಿತು. ಸತ್ತವರಲ್ಲಿ 8 ಮಂದಿ ದಲಿತರು. ಅರ್ಥಶಾಸ್ತ್ರದ ಅಧ್ಯಾಪಕರಾಗಿದ್ದ ಸಿ.ಜಿ. ಕೃಷ್ಣಸ್ವಾಮಿಯವರು ಇದನ್ನು ‘ಬೆಲ್ಚಿ’ ಎಂಬ ಬೀದಿನಾಟಕವಾಗಿಸಿದರು. 1979ರ ಜಾಥಾ ಅದನ್ನು ನಾಡಿನ ಹಳ್ಳಿಗಳಿಗೆ ಒಯ್ದಿತು.

ಆಗ ವಿದ್ಯಾರ್ಥಿಯಾಗಿದ್ದ ನಾನು ಅದನ್ನು ಮೂರು ಕಡೆ ನೋಡಿದೆ. ಪರದೆಯಿಲ್ಲ, ಬಣ್ಣವಿಲ್ಲ, ಧ್ವನಿವರ್ಧಕವಿಲ್ಲ. ಮೊದಲು ನೋಡಿದ್ದು ಊರ ಗುಡಿಯ ಮುಂದೆ. ಜನ ವೃತ್ತವಾಗಿ ನಿಂತರು, ನಿಜ. ಆದರೆ ಕೇರಿಯವರು ಆ ವೃತ್ತದಿಂದ ಮಾರು ದೂರ, ಹುಣಿಸೆಮರದ ಬಳಿ ನಿಂತರು. ಅವರ ಕಥೆಯನ್ನು ಅವರೇ ಇತರರ ಹೆಗಲ ಮೇಲಿಂದ ಇಣುಕಿ ನೋಡಬೇಕಾಯಿತು! ಎರಡನೆಯ ಊರಿನಲ್ಲಿ ಕೇರಿಯೊಳಗೇ ಆಡಿದರು. ಅಲ್ಲಿಗೆ ಊರಿನವರು ಯಾರೂ ಬರಲಿಲ್ಲ. ಮೂರನೆಯದು ಸಂತೆಯ ಬಯಲು. ಕೊಳ್ಳುವವರು, ಮಾರುವವರು, ಬಸ್ಸಿಗೆ ಕಾದವರು ತಮಟೆಯ ಸದ್ದಿಗೆ ಬಂದು ಒತ್ತೊತ್ತಾಗಿ ನಿಂತರು. ಯಾರ ಮೈ ಯಾರಿಗೆ ತಗಲಿತೆಂದು ನೋಡಲು ಪುರಸೊತ್ತಿರಲಿಲ್ಲ. ಆಡಿದ ಮಾತು ಮೂರೂ ಕಡೆ ಒಂದೇ. ‘ಅದು ಬಿಹಾರದ ಸಂಗತಿ’ ಎಂದು ಕೈತೊಳೆದುಕೊಳ್ಳುವುದು ಗುಡಿಯ ಮುಂದೆ ಸುಲಭವಾಗಿತ್ತು, ಸಂತೆಯಲ್ಲಿ ಅಷ್ಟು ಸುಲಭವಿರಲಿಲ್ಲವೆಂದು ನನಗೆ ತೋರಿತು.

1990ರ ದಶಕದ ಸಾಕ್ಷರತಾ ಆಂದೋಲನ ಬೀದಿನಾಟಕವನ್ನು ಮನೆಮಾತಾಗಿಸಿತು. ಅದು ಸಣ್ಣ ಕೆಲಸವಲ್ಲ. ಆದರೆ ಬರಬರುತ್ತ ಇಲಾಖೆಗಳ ಪ್ರಚಾರಕ್ಕೆ ತಂಡಗಳು ಜೀಪಿನಲ್ಲಿ ಬಂದಿಳಿದು, ಪಂಚಾಯತಿ ಕಚೇರಿಯ ಮುಂದೆ ಆಡಿ, ಸಹಿ ಹಾಕಿಸಿಕೊಂಡು ಹೋಗುವುದನ್ನೂ ಕಂಡಿದ್ದೇನೆ. ಎಲ್ಲಿ ಆಡಬೇಕೆಂಬ ಜಗಳವೇ ಅಲ್ಲಿ ಉಳಿದಿರಲಿಲ್ಲ.

ಆ ಜಗಳ ಎಷ್ಟು ದೂರ ಹೋಗಬಲ್ಲದೆಂಬುದನ್ನು ದೆಹಲಿಯ ಜನ ನಾಟ್ಯ ಮಂಚ್ ಕಂಡಿತ್ತು. 1989ರ ಜನವರಿ 1ರಂದು ಸಾಹಿಬಾಬಾದ್ ಬಳಿಯ ಝಂಡಾಪುರದ ರಸ್ತೆಯಲ್ಲಿ ‘ಹಲ್ಲಾ ಬೋಲ್’ ನಡೆಯುತ್ತಿದ್ದಾಗ ಚುನಾವಣಾ ಅಭ್ಯರ್ಥಿಯೊಬ್ಬರ ಗುಂಪು ದಾರಿ ಕೇಳಿತು. ತುಸು ಕಾಯಿರಿ, ಇಲ್ಲವೇ ಬೇರೆ ದಾರಿಯಲ್ಲಿ ಹೋಗಿರಿ ಎಂದರು ಸಫ್ದರ್ ಹಾಶ್ಮಿ. ಹಲ್ಲೆಯಲ್ಲಿ ಒಬ್ಬ ಕಾರ್ಮಿಕ ಸತ್ತ. ಮರುದಿನ 34 ವರ್ಷದ ಸಫ್ದರರೂ ತೀರಿಕೊಂಡರು. 4ರಂದು ಪತ್ನಿ ಮಲಯಶ್ರೀ ತಂಡದೊಡನೆ ಅದೇ ಜಾಗಕ್ಕೆ ಹಿಂದಿರುಗಿ, ನಿಂತುಹೋಗಿದ್ದ ನಾಟಕವನ್ನು ಆಡಿ ಮುಗಿಸಿದರು.